ಕಾಲರ್ ಹಿಡಿದರೆ ಶಾಫ್ಟ್ ಡೊಂಕು

ಬೆಳಗಿನ ಐದೂ ಮುಕ್ಕಾಲು. ಕಾರ್ಖಾನೆಯ ದೀಪಗಳು ಇನ್ನೂ ಪೂರ್ತಿ ಹೊತ್ತಿಲ್ಲ. ಮೂಲೆಯ ಗಾಜಿನ ಕೋಣೆಯಲ್ಲಿ ಮಾತ್ರ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಕಪ್ಪು ಕಲ್ಲಿನ ಮೇಜಿನ ಮುಂದೆ ನಿಂತು, ತೋಳುದ್ದದ ಉಕ್ಕಿನ ಶಾಫ್ಟೊಂದನ್ನು, ಯಂತ್ರದೊಳಗೆ ತಿರುಗುವ ದುಂಡು ದಂಡವನ್ನು, ಒರೆಸುತ್ತ ಗೊಣಗುತ್ತಿದ್ದಾರೆ. ಕೋಣೆಯ ಉಷ್ಣಾಂಶ ವರ್ಷವಿಡೀ ಇಪ್ಪತ್ತೇ ಡಿಗ್ರಿ. ಅವರ ತಲೆ ಮೂರು ದಿನದಿಂದ ಕಾದು ಕೆಂಡವಾಗಿದೆ.

ಎಲ್ಲರಿಗೂ ಅವರು ಮೈಕ್ರಾನ್ ಅಕ್ಕ. ಒಂದು ಕೂದಲೆಳೆಯನ್ನು ಎಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಸುಮಾರು ಒಂದು ಮೈಕ್ರಾನ್. ಹನ್ನೊಂದು ವರ್ಷದಿಂದ ಅಕ್ಕ ಅಳೆಯುತ್ತಿರುವುದು ಅದನ್ನೇ, ದಿನಕ್ಕೆ ನಲವತ್ತು ಶಾಫ್ಟ್. ಅಳತೆ ಯಂತ್ರದ ತೋಳು ಇಳಿದು ತುದಿಯ ಕೆಂಪು ಹರಳಿನಿಂದ ಉಕ್ಕನ್ನು ಮುಟ್ಟುತ್ತದೆ, ಪರದೆಯಲ್ಲಿ ಅಂಕಿ ಮೂಡುತ್ತದೆ. ಹಸಿರು ಗುಂಡಿ ಒತ್ತುವುದೇನು ಮಹಾ ಕೆಲಸ ಎನ್ನುವವರು ಕಾರ್ಖಾನೆ ತುಂಬ ಇದ್ದಾರೆ. ಮನೆಯಲ್ಲೂ ಕಾಟ ತಪ್ಪಿಲ್ಲ. ಅಮ್ಮ ಮಂಚ ಸರಿಸುವ ಮೊದಲೂ ಆ ಯಂತ್ರದ ಹಾಗೆ ಗೋಡೆಗೆ ಮೂರು ಕಡೆ ಬೆರಳು ಮುಟ್ಟಿಸುತ್ತಾಳೆ ಎಂದು ಮಗಳು ನೆರೆಹೊರೆಗೆಲ್ಲ ಸಾರಿದ್ದಾಳೆ.

ಗುಂಡಿ ಒತ್ತುವ ಮೊದಲಿನ ಕೆಲಸವೇ ಕೆಲಸ. ಎಲ್ಲಿಂದ ಅಳೆಯಬೇಕು ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಪೆಟ್ಟಿಗೆಯಂಥ ಸಾಮಾನಿಗಾದರೆ ಮೂಲೆ ಇದೆ, ಅಂಚಿದೆ. ಉರುಟು ಸಾಮಾನಿನಲ್ಲಿ ಹಿಡಿಯಲು ಏನೂ ಇಲ್ಲ. ಅದರ ನಡುವೆ ಹಾಯುವ, ಕಣ್ಣಿಗೆ ಕಾಣದ ಗೆರೆಯನ್ನು, ಅಂದರೆ ಅಕ್ಷವನ್ನು, ಮೊದಲು ಹುಡುಕಬೇಕು. ಆಮೇಲೆ ತುದಿಯ ಮುಖ ಮುಟ್ಟಿ ಅದು ಹಿಂದೆ ಮುಂದೆ ಜಾರದಂತೆ, ಮೈಮೇಲಿನ ತೋಡು ಮುಟ್ಟಿ ಗಿರಗಿರ ತಿರುಗದಂತೆ ಕಟ್ಟಿಹಾಕಬೇಕು. ಆ ಮೊದಲ ಗೆರೆ ತಪ್ಪಿತೋ, ಮುಂದೆ ಅಳೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕಳೆದ ವಾರ ತಪ್ಪಿದ್ದು ಅದೇ. ಮೇಲಿನ ಮಹಡಿಯ ಎಂಜಿನಿಯರುಗಳಿಂದ, ಯಂತ್ರ ಎಲ್ಲೆಲ್ಲಿ ಮುಟ್ಟಬೇಕೆಂದು ಹೇಳುವ ಹೊಸ ಪ್ರೋಗ್ರಾಂ ಇಳಿದು ಬಂತು. ಬರೆದವರು ಶಾಫ್ಟನ್ನು ಕಂಪ್ಯೂಟರಿನಲ್ಲಿ ಮಾತ್ರ ಕಂಡವರು. ಹರಳು ಸಲೀಸಾಗಿ ತಲುಪುತ್ತದೆಂದು ತುದಿಯ ಕಾಲರನ್ನು, ಬೆರಳಗಲದ ಬಳೆಯಂಥ ಭಾಗವನ್ನು ಹಿಡಿದು, ಅಲ್ಲಿಂದಲೇ ಇಡೀ ಶಾಫ್ಟಿನ ಅಕ್ಷ ಎಳೆದುಬಿಟ್ಟರು. ಅಷ್ಟು ಗಿಡ್ಡ ಜಾಗದಲ್ಲಿ ಎರಡು ಮೈಕ್ರಾನ್ ವಾಲಿದ ಗೆರೆ, ಮೂವತ್ತು ಪಟ್ಟು ದೂರದ ಆ ತುದಿ ಮುಟ್ಟುವಷ್ಟರಲ್ಲಿ ಅರವತ್ತು ವಾಲುತ್ತದೆ. ಮಿತಿ ಇರುವುದು ಇಪ್ಪತ್ತು. ಅರವತ್ತೆರಡು ಶಾಫ್ಟೂ ಡೊಂಕು ಎಂದಿತು ಯಂತ್ರ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಬೈಗುಳ ಬಿದ್ದದ್ದು ಅವನ್ನು ಲೇತ್ ಯಂತ್ರದಲ್ಲಿ ಕಡೆದ, ಎಲ್ಲರೂ ಲೇತಿನ ಅಣ್ಣ ಎನ್ನುವ ಕೆಲಸಗಾರನಿಗೆ.

ಇಪ್ಪತ್ತಾರು ವರ್ಷ ಲೇತಿನ ಮುಂದೆ ನಿಂತ ಆ ಮನುಷ್ಯ, ಲೇತ್ ಮುಟ್ಟಬೇಡ ಎನಿಸಿಕೊಂಡು, ಮೂರು ದಿನದಿಂದ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದಾರೆ. ಇಂದು ಒಂಬತ್ತಕ್ಕೆ ಶಾಫ್ಟುಗಳು ಗುಜರಿಗೆ, ಅವುಗಳ ಹಿಂದೆಯೇ ಅಣ್ಣನ ಕೆಲಸ. ಅಕ್ಕ ಮ್ಯಾನೇಜರಿಗೆ ಮೂರು ಸಲ ವಿವರಿಸಿದ್ದಾರೆ. ಇಷ್ಟು ದೊಡ್ಡ ಮಶಿನ್ ಸುಳ್ಳು ಹೇಳುತ್ತಾ ಎಂದು ಅವರು ನಕ್ಕಿದ್ದಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

"ಸುಳ್ಳು ಹೇಳಲ್ಲ," ಎನ್ನುತ್ತಾರೆ ಅಕ್ಕ, ಶಾಫ್ಟನ್ನು ಬಿಗಿಯುತ್ತ. "ತಪ್ಪು ಪ್ರಶ್ನೆ ಕೇಳಿದ್ರೆ ಅದಕ್ಕೇ ಸರಿಯಾಗಿ ಉತ್ತರ ಕೊಡುತ್ತೆ. ಪಾಪ, ಅದರದ್ದೇನು ತಪ್ಪು?"

ಎಂಟೂವರೆಗೆ ಮ್ಯಾನೇಜರ್ ಬರುತ್ತಾರೆ. ಈ ಸಲ ಅಕ್ಕ ವಿವರಿಸುವ ಗೋಜಿಗೇ ಹೋಗುವುದಿಲ್ಲ. ಹೊಸ ಪ್ರೋಗ್ರಾಮಿನಲ್ಲೇ ಒಂದು ಶಾಫ್ಟ್ ಅಳೆಯುತ್ತಾರೆ: ಅರವತ್ತೊಂದು. ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಬಿಗಿದು ಅಳೆಯುತ್ತಾರೆ: ಮೂವತ್ತೆಂಟು. ಇನ್ನೊಮ್ಮೆ: ಎಪ್ಪತ್ತನಾಲ್ಕು.

"ಸಾರ್, ಒಂದೇ ಶಾಫ್ಟು, ಮೂರು ಉತ್ತರ. ಬಾಗಿರೋ ಶಾಫ್ಟು ಗಳಿಗೆಗೊಂದು ಥರ ಬಾಗುತ್ತಾ?"

ಯಂತ್ರದೊಳಗೆ ತಿರುಗುವಾಗ ಶಾಫ್ಟ್ ಕೂರುವುದು ಎರಡು ಬೇರಿಂಗುಗಳಲ್ಲಿ, ಈ ತುದಿಗೊಂದು, ಆ ತುದಿಗೊಂದು. ಅಕ್ಕ ಆ ಎರಡೂ ಜಾಗ ಮುಟ್ಟಿಸಿ, ಅವುಗಳ ನಡುವೆ ಅಕ್ಷ ಎಳೆದು ಮತ್ತೆ ಮೂರು ಸಲ ಅಳೆಯುತ್ತಾರೆ. ಏಳು. ಎಂಟು. ಏಳು. ಮ್ಯಾನೇಜರ್ ಪರದೆಯನ್ನು ನೋಡುತ್ತಾರೆ, ಗಡಿಯಾರ ನೋಡುತ್ತಾರೆ, ಗುಜರಿ ಗಾಡಿ ನಿಲ್ಲಿಸಲು ಫೋನ್ ಮಾಡುತ್ತಾರೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಮುಗಿಯುತ್ತದೆ. ಐವತ್ತೊಂಬತ್ತು ಸರಿ, ಮೂರು ನಿಜಕ್ಕೂ ಡೊಂಕು. ಆ ಮೂರನ್ನು ಅಣ್ಣನೇ ಎತ್ತಿ ಬದಿಗಿಡುತ್ತಾರೆ, ಇವು ನನ್ನ ತಪ್ಪೇ ಎಂದು. ಮೇಲಿನ ಮಹಡಿಯ ವರದಿಯಲ್ಲಿ ಮಾತ್ರ "ಯಂತ್ರದ ದೋಷ ಸರಿಪಡಿಸಲಾಗಿದೆ" ಎಂದಿದೆ. ಓದಿ ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಅದರ ಜೊತೆಗೇ ಬಂದ ಹೊಸ ಪ್ರೋಗ್ರಾಂ ತೆರೆದರೆ, ಅದರಲ್ಲೂ ಕಾಲರನ್ನೇ ಹಿಡಿದಿದ್ದಾರೆ.

"ನನಗೆ ಹಾರ ತುರಾಯಿ ಬೇಡ," ಎನ್ನುತ್ತಾರೆ. "ಬರೆಯೋ ಮೊದಲು ಒಂದು ಸಲ ಕೆಳಗಿಳಿದು ಬಂದು, ಆ ಸಾಮಾನನ್ನ ಕೈಯಲ್ಲಿ ಹಿಡಿದು ನೋಡಲಿ. ಅಷ್ಟೇ."

ಅಷ್ಟರಲ್ಲಿ ಬಾಗಿಲು ಸರಿಯುತ್ತದೆ. ಅಣ್ಣ ಲೇತಿಗೆ ಮರಳಿ ಕಡೆದ ಮೊದಲ ಶಾಫ್ಟ್ ಮೇಜಿನ ಮೇಲಿಟ್ಟು ಹೋಗುತ್ತಾರೆ. ಬೇರಿಂಗ್ ಕೂರುವ ಎರಡೂ ಜಾಗಗಳಲ್ಲಿ ನೀಲಿ ಸೀಮೆಸುಣ್ಣದ ಗುರುತಿದೆ. ಇಲ್ಲಿ ಹಿಡಿ ಎಂದು ಅಕ್ಕನಿಗೇ ಪಾಠ.

ಅಕ್ಕ ಗುರುತನ್ನು ಒರೆಸಲು ಬಟ್ಟೆ ಎತ್ತಿಕೊಂಡವರು ಅದನ್ನು ಮತ್ತೆ ಕೆಳಗಿಡುತ್ತಾರೆ. "ಹನ್ನೊಂದು ವರ್ಷ ಹಿಡೀತು ನೋಡಿ," ಎನ್ನುತ್ತಾರೆ. "ಎಲ್ಲಿ ಹಿಡೀಬೇಕು ಅಂತ ಗೊತ್ತಿರೋರು ಈಗ ಇಬ್ಬರಾದ್ವಿ."