ರಸೀದಿಯ ಮೇಲಿನ ಹೆಸರು

ಶ್ರೀರಾಂಪುರದ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ, ಏನನ್ನೇ ಕೈಗೆ ತೆಗೆದುಕೊಳ್ಳುವ ಮೊದಲೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಮಕ್ಕಳು ಸಾರು ಚೆಲ್ಲಿದರೂ, ಸಂಬಳ ತಡವಾದರೂ ಅವರದು ಒಂದೇ ಮಾತು: ‘ಅದ್ಕೇನಾತು ಬಿಡ್ರಿ.’

ಒಂದು ಮಾರ್ಚ್ ತಿಂಗಳಲ್ಲಿ, ಅಲ್ಲೇ ಮೇಷ್ಟ್ರಾಗಿದ್ದ ನನ್ನ ಹತ್ತಿರ ಬಂದರು. ‘ಸಾರ್, ಹೊಳಲ್ಕೆರೆಯಾಗೆ ಕಣ್ಣು ಕಾಣದ ಮಕ್ಕಳ ಶಾಲೆ ಐತಂತಲ್ಲ, ನನ್ನ ಚೀಟಿ ದುಡ್ಡು ಅಲ್ಲಿ ಕೊಡಬೇಕು. ನಂಗೆ ಓದಾಕೆ ಬರಲ್ಲ, ಜೊತೆಗೆ ಬರ್ರಿ.’

ಬಸ್ಸಿನಲ್ಲಿ ಕೂತಾಗ ನನಗೆ ನೆನಪಾದದ್ದು ನನ್ನ ಟ್ಯಾಕ್ಸು. ದಾನದ ರಸೀದಿ ಇದ್ದರೆ ಒಂದಿಷ್ಟು ಉಳಿಯುತ್ತಿತ್ತು.

‘ದುಡ್ಡು ನನಗೆ ಕೊಡ್ರಿ, ನಾನು ಫೋನಿನಲ್ಲಿ ಕಟ್ತೀನಿ. ರಸೀದಿ ನನ್ನ ಹೆಸರಿಗೆ ಬರಲಿ. ನಿಮಗೆ ಹೆಂಗೂ ಟ್ಯಾಕ್ಸ್ ಇಲ್ಲ’ ಎಂದೆ.

‘ಅದ್ಕೇನಾತು ಬಿಡ್ರಿ ಸಾರ್, ಮಕ್ಕಳಿಗೆ ಮುಟ್ಟಿದ್ರೆ ಸಾಕು’ ಎಂದು ಗಂಟನ್ನು ಹಾಗೇ ನನ್ನ ಕೈಗಿಟ್ಟರು. ಆ ವರ್ಷ ಅವರ ದಾನವನ್ನು ನನ್ನದೆಂದು ತೋರಿಸಿ ತೆರಿಗೆ ಉಳಿಸಿದೆ.

ಕೆಲವು ತಿಂಗಳಾದ ಮೇಲೆ ಆ ಶಾಲೆಯವರು ದಾನಿಗಳಿಗೆ ಸನ್ಮಾನ ಇಟ್ಟುಕೊಂಡರು. ನನ್ನನ್ನು ಕರೆದಿದ್ದಾರೆಂದು ತಿಳಿದು ಅಡುಗೆಯಮ್ಮನೂ ಹೊಸ ಸೀರೆ ಉಟ್ಟು ಬಂದರು. ವೇದಿಕೆಯಲ್ಲಿ ಶಾಲೆಯವರು ನನಗೆ ಶಾಲು ಹೊದಿಸಿ ಮೈಕ್ ಕೊಟ್ಟರು. ಹಿಂದಿನ ಸಾಲಿನಲ್ಲಿ ಅಡುಗೆಯಮ್ಮ ಪಕ್ಕದವರಿಗೆ ನನ್ನನ್ನು ತೋರಿಸಿ, ‘ನಮ್ಮ ಮೇಷ್ಟ್ರು’ ಎನ್ನುತ್ತಿದ್ದರು.

ಕೊಟ್ಟವರು ಅಲ್ಲಿ ಕೂತಿದ್ದಾರೆ ಎಂದಷ್ಟೇ ಹೇಳಬೇಕಿತ್ತು. ಬಾಯಿ ತೆರೆದೆ. ‘ಎಲ್ಲರಿಗೂ ಧನ್ಯವಾದ’ ಎಂದು ಕೂತುಬಿಟ್ಟೆ.

ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ನಿಲ್ಲಿಸಿದವರು ಅವರೇ.