ಹಿಂದಿನ ಕೋಣೆಗೆ ಎಳೆದ ತಂತಿ

ಶ್ರೀಪ್ರಿಯಾಗೆ ವಿಮಾ ಕಂಪನಿಯಲ್ಲಿ ಕೆಲಸ. ಜಖಂಗೊಂಡ ಕಾರು, ನೀರು ನುಗ್ಗಿದ ಅಂಗಡಿ, ಸುಟ್ಟುಹೋದ ಗೋದಾಮು, ಇಂಥವುಗಳ ಪರಿಹಾರದ ಅರ್ಜಿ ನೋಡಿ ನಷ್ಟ ಎಷ್ಟೆಂದು ಅಂದಾಜು ಹಾಕುವವಳು. ಚೆನ್ನೈನ ಮೌಂಟ್ ರೋಡಿನ ಕಚೇರಿಯಲ್ಲಿ ಅವಳ ಮಾತಿಗೆ ತೂಕವಿತ್ತು. ಅತ್ತೆ ಗೋದಾಬಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ, ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಅವಳೇ ಕೇಳಿಕೊಂಡಳು. ಅತ್ತೆ ಎದ್ದು ಓಡಾಡುವವರೆಗೆ ಸಾಕು ಎಂದುಕೊಂಡಿದ್ದಳು. ಗೋದಾಬಾಯಿ ಕೋಲು ಹಿಡಿದು ಬಚ್ಚಲಿಗೆ ಹೋಗಿಬರುವಷ್ಟಾದರು. ಅಲ್ಲಿಗೆ ಸುಧಾರಣೆ ನಿಂತಿತು. ವರ್ಷಗಳು ನಿಲ್ಲಲಿಲ್ಲ.

ಮನೆ ತ್ರಿಪ್ಲಿಕೇನಿನ ಓಣಿಯೊಂದರಲ್ಲಿ, ರೈಲು ಡಬ್ಬಿಯ ಹಾಗೆ ಉದ್ದಕ್ಕೆ. ಇಂಟರ್ನೆಟ್ಟಿನ ಡಬ್ಬಿ ಬೀದಿ ಬಾಗಿಲ ಪಕ್ಕ, ಅತ್ತೆಯ ಮಂಚ ಕೊನೆಯ ಕೋಣೆಯಲ್ಲಿ. ನಡುವೆ ಹಳೇ ಕಾಲದ ದಪ್ಪ ಗಾರೆಗೋಡೆಗಳು. ವೈಫೈ ಅವನ್ನು ದಾಟುತ್ತಿರಲಿಲ್ಲ. ಶ್ರೀಪ್ರಿಯಾ ಮುಂದಿನ ಕೋಣೆಯಲ್ಲಿ ಕೂತು ಯಾವುದೋ ಅಂಗಡಿಯವನ ಗೋಳು ಕೇಳುತ್ತಿರುವಾಗ ಹಿಂದಿನಿಂದ "ಪ್ರಿಯಾ" ಎಂಬ ಕರೆ ಬರುತ್ತಿತ್ತು. ಒಂದು ನಿಮಿಷ ಸಾರ್ ಎಂದು ಎದ್ದು ಹೋಗುವಳು. ನೀರು ಕೊಟ್ಟು, ದಿಂಬು ಸರಿಮಾಡಿ ಬರುವಷ್ಟರಲ್ಲಿ ಆ ಮನುಷ್ಯ ಫೋನಿಟ್ಟಿರುತ್ತಿದ್ದ. ಲ್ಯಾಪ್‌ಟಾಪನ್ನೇ ಹಿಂದಕ್ಕೆ ಒಯ್ದರೆ ಪರದೆ ನಿಂತಲ್ಲೇ ನಿಲ್ಲುತ್ತಿತ್ತು.

ಹೀಗಿರುವಾಗ ಕಚೇರಿಯಿಂದ ಹೊಸ ನಿಯಮ ಬಂತು. ಮನೆಯಿಂದ ಕೆಲಸ ಮಾಡುವವರು ತಾವು ಕೂರುವ ಜಾಗಕ್ಕೆ ತಂತಿಯ ಸಂಪರ್ಕ ಹಾಕಿಸಿಕೊಳ್ಳಬೇಕು. ಆಗದವರು ಮುಂದಿನ ತಿಂಗಳಿಂದ ಕಚೇರಿಗೇ ಬರಬೇಕು. ಆ ಕೊನೆಯ ಸಾಲು ಓದಿದಾಗ ಆದ ಸಂತೋಷ ಎಷ್ಟು ದೊಡ್ಡದಿತ್ತೆಂದರೆ ಅವಳಿಗೇ ನಾಚಿಕೆಯಾಯಿತು. ಸಂಜೆ ಕಾಫಿ ಕೊಡುವಾಗ, ಏನೋ ತೊಂದರೆಯ ಸುದ್ದಿಯೆಂಬಂತೆ ಗಂಡನಿಗೆ ಹೇಳಿದಳು. ಗುರುಚರಣ ಗೋಡೆಗೆ ಎಂದೂ ಒಂದು ಮೊಳೆ ಹೊಡೆದವನಲ್ಲ. ಅವನು ಲೋಟ ಕೆಳಗಿಟ್ಟು, "ಅಷ್ಟೇ ತಾನೆ? ಎಳೆಸಿಬಿಡೋಣ" ಅಂದ.

ಅಂದಾಜು ಹಾಕುವ ಕೆಲಸ ಸಹಜವಾಗಿಯೇ ಅವಳ ಪಾಲಿಗೆ ಬಂತು. ಟೇಪು ಹಿಡಿದು ಮನೆಯೆಲ್ಲ ಅಳೆದಳು. ಕೇಬಲ್ ಎಷ್ಟು ಮೀಟರ್ ಬೇಕು, ಅದನ್ನು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ ಎಷ್ಟು, ಗೋಡೆ ಕೊರೆಯುವ ಕೂಲಿ ಏನು ಎಂದು ವಿಚಾರಿಸಿದಳು. ಎರಡು ದಾರಿ ಕಂಡ ಕಡೆಯೆಲ್ಲ ಉದ್ದನೆಯದನ್ನೇ ಆರಿಸಿದಳು. ಒಡೆದ ಗೋಡೆಗೆ ಗಾರೆ, ಆಮೇಲೆ ಬಣ್ಣ, ಅದನ್ನೂ ಸೇರಿಸಿದಳು. ಬೇರೆಯವರು ನಷ್ಟವನ್ನು ಉಬ್ಬಿಸಿ ಬರೆದದ್ದನ್ನು ಇಷ್ಟು ವರ್ಷ ಹಿಡಿದು ಹಾಕಿದವಳು ಈಗ ತಾನೇ ಅದನ್ನು ಮಾಡುತ್ತಿದ್ದಳು. ಆಟೋದವನ ಜೊತೆ ಹತ್ತು ರೂಪಾಯಿಗೆ ಜಗ್ಗಾಡುವ ಗುರುಚರಣ ಒಟ್ಟು ಮೊತ್ತವನ್ನು ಎರಡು ಸಲ ಓದಿದ. ಆಮೇಲೆ, "ಆಗಲಿ. ನಿನಗೋಸ್ಕರ ತಾನೆ" ಅಂದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಭಾನುವಾರ ಕೇಬಲ್ ಹಾಕುವ ವಿಘ್ನೇಶ್ ಬಂದ. ಗೋಡೆಗೆ ಬೆರಳಿಂದ ಬಡಿದು ನೋಡಿ, ಇದನ್ನು ಕೊರೆಯೋದು ಬೇಡ, ಗಾರೆ ಉದುರಿಬಿಡುತ್ತೆ ಎಂದು ತಮಿಳಿನಲ್ಲಿ ಹೇಳಿದ. ಶ್ರೀಪ್ರಿಯಾ ಉಸಿರು ಬಿಟ್ಟಳು. ಹಾಗಾದರೆ ಆಗೋದಿಲ್ಲ ಅನ್ನಿ, ಅಂದಳು. ಅವನು ಮಾತ್ರ ತಾರಸಿಗೆ ಹೋಗಿ ನೋಡಿ ಬಂದ. ತಂತಿಯನ್ನು ಮುಂದಿನ ಕಿಟಕಿಯ ಮೇಲಿಂದ ಹೊರಗೆ ತೆಗೆದು, ತಾರಸಿಯ ಅಂಚಿನಲ್ಲಿ ಎಳೆದು, ಹಿಂದಿನ ಕೋಣೆಯ ಗವಾಕ್ಷಿಯಲ್ಲಿ ಇಳಿಸಿದರೆ ಮುಗಿಯಿತು. ಒಂದು ಮಧ್ಯಾಹ್ನದ ಕೆಲಸ ಎಂದ. ಅವನು ಹೇಳಿದ ಖರ್ಚು ಅವಳ ಅಂದಾಜಿನ ಅರ್ಧವೂ ಇರಲಿಲ್ಲ.

"ನೀನು ಜಾಸ್ತಿ ಹಾಕಿದ್ದೆ ಪ್ರಿಯಾ" ಎಂದು ಗುರುಚರಣ ಪ್ರೀತಿಯಿಂದಲೇ ನಕ್ಕ.

ತಂತಿಯ ತುದಿ ಎಲ್ಲಿಗೆ ಬರಬೇಕೆಂದು ವಿಘ್ನೇಶ್ ಕೇಳಿದ. ಮಂಚದ ಮೇಲಿದ್ದ ಗೋದಾಬಾಯಿ ಕೋಲೆತ್ತಿ ತಮ್ಮ ಕಾಲ ಬುಡದ ಗೋಡೆ ತೋರಿಸಿದರು. "ಇಲ್ಲಿ ಹಾಕಲಿ. ಇನ್ನು ನಾನು ಕೂಗೋದೇ ಬೇಡ. ಇಲ್ಲೇ ಇರ್ತಾಳೆ."

ವಿಘ್ನೇಶ್ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ. ಶ್ರೀಪ್ರಿಯಾ ಆ ಗುರುತು ನೋಡಿದಳು. ಅದರ ಪಕ್ಕ ಮಂಚ, ಮಂಚದ ಆಚೆ ಔಷಧಿಯ ಸ್ಟೂಲು, ನಡುವೆ ಒಂದು ಮೇಜು ಹಿಡಿಸುವಷ್ಟು ಜಾಗ. ಎದ್ದರೆ ಮೊಣಕಾಲು ಮಂಚಕ್ಕೆ ತಾಗುವುದು. ಕೋಣೆಗೆ ಬೆಳಕು ಬರುತ್ತಿದ್ದದ್ದು ಆ ಗವಾಕ್ಷಿಯೊಂದರಿಂದಲೇ.

"ನಾನು ಆಫೀಸಿಗೆ ಹೋಗಬೇಕು" ಅಂದಳು.

ಗುರುಚರಣನಿಗೆ ತಿಳಿಯಲಿಲ್ಲ. "ಭಾನುವಾರ ಯಾವ ಆಫೀಸು?"

"ಇವತ್ತಲ್ಲ. ದಿನಾ. ಮೊದಲಿನ ಹಾಗೆ."

ಅವನು ಹೆಂಡತಿಯನ್ನೇ ನೋಡಿದ. ಸಿಟ್ಟಿರಲಿಲ್ಲ. "ಅಮ್ಮನ್ನ ಯಾರು ನೋಡ್ಕೋತಾರೆ?" ಎಂದು ಮೆಲ್ಲಗೆ ಕೇಳಿದ. ಅದೇ ಪ್ರಶ್ನೆಯನ್ನು ಅವಳೂ ದಿನಾ ಕೇಳಿಕೊಂಡು, ಅನ್ನಕ್ಕಿಡಲು ಎದ್ದು ಹೋಗುತ್ತಿದ್ದಳು. ನೋಡಿಕೊಳ್ಳಲು ಬಂದ ಹೆಂಗಸರನ್ನು ಗೋದಾಬಾಯಿ, ಮಡಿ ಗೊತ್ತಿಲ್ಲ ಎಂದು ಓಡಿಸಿದ್ದರು. ಇವತ್ತು ಅವಳು ಎದ್ದು ಹೋಗಲಿಲ್ಲ.

"ನಿಮ್ಮ ಕಂಪನೀಲೂ ವಾರಕ್ಕೆ ಎರಡು ದಿನ ಮನೆಯಿಂದ ಮಾಡಬಹುದು. ನೆಟ್ ಸರಿಯಾಗಿ ಸಿಗಲ್ಲ ಅಂತ ತಾನೆ ನೀವು ದಿನಾ ಹೋಗ್ತಿದ್ದದ್ದು? ಈಗ ಸಿಗುತ್ತೆ."

ಗುರುಚರಣ ತಾಯಿಯ ಮುಖ ನೋಡಿದ. ಗೋದಾಬಾಯಿ ಗೋಡೆಯ ಕಡೆ ತಿರುಗಿ ಮಲಗಿದರು. ಗಂಡಸಿನ ಕೈಲಿ ಸೇವೆ ಮಾಡಿಸಿಕೊಳ್ಳೋ ಗತಿ ಬಂತು ಎಂದು ಗೋಡೆಗೆ ಹೇಳಿದರು.

ಇವರ ಕನ್ನಡ ಅರ್ಥವಾಗದಿದ್ದರೂ ಮುಖಗಳು ಅರ್ಥವಾದ ವಿಘ್ನೇಶ್, ತಂತಿಯ ಸುರುಳಿ ಕೈಲಿ ಹಿಡಿದು, ಹಾಕೋದಾ ಬೇಡವಾ ಎಂದು ಕೇಳಿದ. ಹಾಕಿ, ಅಂದಳು ಶ್ರೀಪ್ರಿಯಾ.

ಆಮೇಲೆ ಅವಳು ಕೇಳಿದ್ದು ಪೂರ್ತಿ ಸಿಗಲಿಲ್ಲ, ಪೂರ್ತಿ ಇಲ್ಲವೆಂದೂ ಆಗಲಿಲ್ಲ. ಮಂಗಳವಾರ, ಶುಕ್ರವಾರ ಗುರುಚರಣ ಮನೆಯಲ್ಲಿರುವುದೆಂದಾಯಿತು. ಉಳಿದ ದಿನ ಆ ಪೆನ್ಸಿಲ್ ಗುರುತಿನ ಜಾಗದಲ್ಲಿ ಅವಳೇ. ತಂತಿ ಚೆನ್ನಾಗಿ ಕೆಲಸ ಮಾಡಿತು. ಸಂಪರ್ಕ ಒಮ್ಮೆಯೂ ಕಡಿಯುತ್ತಿರಲಿಲ್ಲ, ನೆಟ್ ಹೋಯಿತೆಂದು ಎದ್ದು ಬೀದಿ ಬಾಗಿಲವರೆಗೆ ಹೋಗಿ ಗಾಳಿಗೆ ನಿಲ್ಲುವ ನೆಪವೂ ಇಲ್ಲವಾಯಿತು. ಗೋದಾಬಾಯಿ ಬಹಳ ದಿನ ಅಗತ್ಯವಿದ್ದಷ್ಟೇ ಮಾತಾಡಿದರು. ಸೊಸೆ ಫೋನಿನಲ್ಲಿ ಹೇಳುವುದನ್ನೆಲ್ಲ ಮಾತ್ರ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಮೊದಲ ಮಂಗಳವಾರ ಬಸ್ಸಿನಲ್ಲಿ ನಿಂತುಕೊಂಡೇ ಕಚೇರಿಗೆ ಹೋದಳು. ಅವಳ ಹಳೆಯ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಜೆರಾಕ್ಸ್ ಯಂತ್ರದ ಪಕ್ಕದ ಮೂಲೆ ಸಿಕ್ಕಿತು. ಬೆನ್ನಿಗೆ ಅದರ ಬಿಸಿ ಬಡಿಯುತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಫೋನ್ ಬಂತು. ಅಮ್ಮನ ಮಾತ್ರೆ ಎಲ್ಲಿದೆ ಎಂದು ಗುರುಚರಣ ಕೇಳಿದ. ಹೇಳಿದಳು. ಕೈ ಅನ್ನಕ್ಕೆ ಹೋಗುವುದರೊಳಗೆ ಬಿಸಿನೀರಿನ ಫ್ಲಾಸ್ಕ್ ಕಾಣುತ್ತಿಲ್ಲ ಎಂದ. ಅದನ್ನೂ ಹೇಳಿದಳು. ಫೋನ್ ಮತ್ತೆ ಹೊಡೆದುಕೊಂಡಾಗ ಅದನ್ನು ಕವುಚಿ ಇಟ್ಟಳು. ಮೇಜು ಸಣ್ಣಗೆ ನಡುಗುತ್ತಿತ್ತು. ಮೊಸರನ್ನವನ್ನು ಅವಸರವಿಲ್ಲದೆ, ಒಮ್ಮೆಯೂ ಏಳದೆ ತಿಂದು ಮುಗಿಸಿದಳು. ಕೈತೊಳೆದು ಬಂದು ಫೋನ್ ಎತ್ತಿಕೊಂಡಳು.