ಮಂಡಿಯೂರಿ ಕಲಿಸಿದ ಪಾಠ

ಬೀಜಾಡಿಯ ಲೀಲಾಧರ ಸೇನೆಯಲ್ಲಿ ಹವಾಲ್ದಾರ. ಹೊಸಬರಿಗೆ ರೈಫಲ್ಲಿನ ಪಾಠ ಹೇಳುವ ಉಸ್ತಾದ. ೧೯೯೭ರಲ್ಲಿ ಅವನು ರಜೆಗೆ ಬಂದಾಗ ಹೆಂಡತಿ ಸೀತುವಿನ ತಮ್ಮ ರತನ್ ಮರವಂತೆಯಿಂದ ಬಂದು ಬೆನ್ನುಬಿದ್ದ. ಅವನಿಗೆ ಮೀನಿನ ದೋಣಿ ಹತ್ತಲು ಮನಸ್ಸಿಲ್ಲ, ಭಾವನ ಹಾಗೆ ಸೇನೆಗೇ ಸೇರಬೇಕು. ಲೀಲಾಧರ ಹಲಸಿನ ಹಲಗೆಯಲ್ಲಿ ಒಂದು ರೈಫಲ್ ಕೆತ್ತಿ, ಅದಕ್ಕೆ ಹಳೆ ಕಿಟಕಿಯ ಚಿಲಕ ಬಡಿದು, ದಿನಾ ಸಂಜೆ ಅವನನ್ನು ಕಡಲ ತಡಿಯ ಮರಳಿಗೆ ಕರೆದೊಯ್ದ.

"ಗುಂಡ್ ಹಾರ್ಲಿಲ್ಲ ಅಂದ್ರೆ ಹೆದ್ರುಕಾಗ. ಮ್ಯಾಗಜಿನ್ ತೆಗಿ, ಚಿಲ್ಕ ಎಳಿ, ಒಳಗ್ ಕಾಣ್. ಖಾಲಿ ತೋಟೆ ಸಿಕ್ಕಂಡಿತಾ, ಹೊಯ್ಗಿ ಹೊಕ್ಕಿತಾ, ಕಂಡೇ ಕೈ ಹಾಕ್."

"ಮಲ್ಕಂಡ್ ಮಾಡ್ಲಾ ಭಾವ?"

"ಬ್ಯಾಡ, ಮಂಡಿ ಊರ್ಕಂಡ್ ಮಾಡ್. ಅಂಗಿ ತುಂಬ ಹೊಯ್ಗಿ ಆರೆ ನಿನ್ನಕ್ಕ ನಂಗೆ ಬೈತ್ಲ್."

ರತನ್ ಕಣ್ಣು ಮುಚ್ಚಿ ಮಾಡುವಷ್ಟು ಕಲಿತ. ಸೇನೆಗೂ ಸೇರಿದ. ಎರಡೇ ವರ್ಷ, ಗಡಿಯ ಗುಡ್ಡವೊಂದರ ಮೇಲೆ ನಡೆದ ಕಾಳಗದಲ್ಲಿ ತೀರಿಕೊಂಡ.

ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ, ಕಾಳಗದಲ್ಲಿ ರತನ್‌ನ ಜತೆಗಿದ್ದ ಸಿಪಾಯಿಯೊಬ್ಬ ಲೀಲಾಧರನನ್ನು ಹುಡುಕಿಕೊಂಡು ಬಂದು ನಡೆದದ್ದನ್ನು ಹೇಳಿದ. ರತನ್‌ನ ರೈಫಲ್ಲಿನಲ್ಲಿ ತೋಟೆ ಸಿಕ್ಕಿಹಾಕಿಕೊಂಡಿತ್ತು. ಮೊದಲ ಸಲ ಬಂಡೆಯ ಮರೆಯಲ್ಲಿ ಮಲಗಿಯೇ ಬಿಡಿಸಿದ. ಎರಡನೇ ಸಲ ಗಡಿಬಿಡಿಯಲ್ಲಿ ಎದ್ದು ಮಂಡಿಯೂರಿದ. ತಲೆ ಬಂಡೆಗಿಂತ ಮೇಲೆ ಬಂತು.

ಇದನ್ನು ಲೀಲಾಧರ ಯಾರ ಹತ್ತಿರವೂ ಬಾಯಿಬಿಡಲಿಲ್ಲ. ನಿವೃತ್ತನಾಗಿ ಬಂದು ಕುಂದಾಪುರದ ಕಾಲೇಜೊಂದರಲ್ಲಿ ಎನ್‌ಸಿಸಿ ಮಕ್ಕಳಿಗೆ ಕಲಿಸತೊಡಗಿದ. ಮೈದಾನ ಕೆಸರಾದರೂ ರೈಫಲ್ಲಿನ ಅಭ್ಯಾಸವನ್ನು ಮಲಗಿಸಿಯೇ ಮಾಡಿಸುತ್ತಿದ್ದ. ೨೦೦೬ರ ಒಂದು ಬೆಳಿಗ್ಗೆ ಪೂಜಿತಾ ಎಂಬ ಹುಡುಗಿ, ಸಮವಸ್ತ್ರ ಕೊಳೆಯಾಗುತ್ತದೆಂದು ಮಂಡಿಯೂರಿ ಕೂತಳು. ಲೀಲಾಧರ ಓಡಿಹೋಗಿ ಅವಳ ಭುಜ ಹಿಡಿದು ನೆಲಕ್ಕೆ ಒತ್ತಿಬಿಟ್ಟ. ಹುಡುಗಿ ಹೆದರಿ ಅತ್ತಳು. ಅವನು ಅವಳಲ್ಲಿ ಕ್ಷಮೆ ಕೇಳಿ, ಕೆಲಸ ಬಿಟ್ಟು ಮನೆಗೆ ನಡೆದ.

ಸೀತು ಹಿತ್ತಿಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದ, ಏನೂ ಮುಚ್ಚಿಡಲಿಲ್ಲ.

"ಏಳ್ ವರ್ಷ ನನ್ನೆದ್ರಿಗೇ ಕೂಕಂಡ್ ಉಂಡ್ರಿ," ಎಂದಳು ಸೀತು.

"ಹೇಳುಕೆ ಬಾಯಿ ಬರ್ಲಿಲ್ಲ."

"ಅಂಗಿ ಕೊಳಿ ಆದ್ದಕ್ಕೆ ನಾನ್ ಯಾವತ್ತ್ ಬೈದಿದ್ದೆ, ಹೇಳಿ ಕಾಂಬ?"



ಅವಳು ಜಗಳವಾಡಲಿಲ್ಲ, ಮಧ್ಯಾಹ್ನ ಎಂದಿನಂತೆ ಬಡಿಸಿದಳು. ಆದರೆ ತಮ್ಮನ ಹೆಸರನ್ನು ಗಂಡನೆದುರು ಮತ್ತೆಂದೂ ಎತ್ತಲಿಲ್ಲ. ವರ್ಷವರ್ಷವೂ ತಮ್ಮನ ತಿಥಿಗೆ ಒಬ್ಬಳೇ ಮರವಂತೆಗೆ ಹೊರಡುತ್ತಿದ್ದಳು. ಲೀಲಾಧರ ಬಸ್‌ಸ್ಟಾಂಡಿನವರೆಗೆ ಚೀಲ ಹಿಡಿದು ಹಿಂದೆ ನಡೆಯುತ್ತಿದ್ದ. ಬಸ್ಸು ಬಂದಾಗ ಅವಳು ಚೀಲ ತೆಗೆದುಕೊಂಡು ಹತ್ತುತ್ತಿದ್ದಳು. ಬನ್ನಿ ಎಂದು ಅವಳು ಕರೆಯಲಿಲ್ಲ. ಬರುತ್ತೇನೆ ಎನ್ನುವ ಧೈರ್ಯ ಅವನಿಗೂ ಬರಲಿಲ್ಲ.